ಗಿಡ್ಡ ಬ್ಯಾರಲ್ಲಿಗೆ ಪಿನ್ ಹೊಡೆದು ವೆಲ್ಡ್ ಮಾಡುವುದು: 14.5 ಇಂಚಿನಿಂದ 16 ಇಂಚಿಗೆ

ರೈಫಲಿನ ಗಿಡ್ಡ ಬ್ಯಾರಲಿನ (ನಳಿಗೆಯ) ತುದಿಗೆ ಒಂದು ತುಂಡನ್ನು ಶಾಶ್ವತವಾಗಿ ಕೂರಿಸಿ 16 ಇಂಚು ದಾಟಿಸುವ ಕೆಲಸ ಇದು. ವೆಲ್ಡಿಂಗ್ ಮಾಡುವುದಕ್ಕೆ ಹತ್ತು ಸೆಕೆಂಡೂ ಬೇಕಿಲ್ಲ. ಅದಕ್ಕೆ ಮುಂಚೆ ಅಳೆಯುವುದು, ಜೋಡಿಸುವುದು, ತೂತು ಕೊರೆಯುವುದು ಇವೇ ನಿಜವಾದ ಕೆಲಸ. ಕೆಡುವುದೂ ಬಹುತೇಕ ಅಲ್ಲೇ. ಬೆಸುಗೆ ಬಿದ್ದ ಮೇಲೆ "ಅಯ್ಯೋ, ಗ್ಯಾಸ್ ಬ್ಲಾಕ್ (ಗುಂಡಿನ ಅನಿಲವನ್ನು ಹಿಂದಕ್ಕೆ ಕಳಿಸುವ ತುಂಡು) ಹಾಕಲು ಮರೆತೆ" ಎಂದರೆ ಗ್ರೈಂಡರ್ ಹಿಡಿಯದೆ ಗತಿಯಿಲ್ಲ. ಆದ್ದರಿಂದ ಇಲ್ಲಿ ವೆಲ್ಡಿಂಗ್‌ಗಿಂತ ಅದರ ಹಿಂದಿನ ತಯಾರಿಗೇ ಹೆಚ್ಚು ಜಾಗ ಕೊಟ್ಟಿದೆ.

ಇದು ಅಮೆರಿಕದ ಕಾನೂನಿಂದ ಹುಟ್ಟಿದ ಕೆಲಸ. ಉದಾಹರಣೆಗೆ ತೆಗೆದುಕೊಂಡಿರುವುದು ಅಲ್ಲಿ ಮನೆಮಾತಾಗಿರುವ ಎಆರ್-15 ಮಾದರಿಯ ರೈಫಲ್, 5.56 ಕ್ಯಾಲಿಬರಿನ 14.5 ಇಂಚಿನ ಬ್ಯಾರಲ್. ಅಮೆರಿಕದ ಸೇನೆಯ ಎಂ4 ಕಾರ್ಬೈನಿನ ಬ್ಯಾರಲ್ ಉದ್ದವೂ ಇದೇ.

16 ಇಂಚು ಯಾಕೆ

1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಬ್ಯಾರಲ್ 16 ಇಂಚಿಗಿಂತ (406.4 ಮಿ.ಮೀ.) ಗಿಡ್ಡವಿರುವ ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇರುವ ರೈಫಲ್ 'ಶಾರ್ಟ್ ಬ್ಯಾರಲ್ಡ್ ರೈಫಲ್' ಎನಿಸಿಕೊಳ್ಳುತ್ತದೆ. ಮೊದಲಿಗೆ ಮಿತಿ 18 ಇಂಚಿತ್ತು, ರೈಫಲ್‌ಗಳಿಗೆ ಅದು 16ಕ್ಕೆ ಇಳಿದದ್ದು 1960ರಲ್ಲಿ. ಶಾಟ್‌ಗನ್ನಿಗೆ ಈಗಲೂ 18. ನೋಂದಾಯಿಸದ ಶಾರ್ಟ್ ಬ್ಯಾರಲ್ಡ್ ರೈಫಲ್ ಇಟ್ಟುಕೊಂಡರೆ ಫೆಡರಲ್ ಅಪರಾಧ, 10 ವರ್ಷದವರೆಗೆ ಜೈಲು. ಅಳತೆ ಒಂದು ಕೂದಲೆಳೆ ಕಡಿಮೆಯಾದರೂ ಕಡಿಮೆಯೇ.

ಆದರೆ ಬ್ಯಾರಲಿನ ತುದಿಗೆ ಶಾಶ್ವತವಾಗಿ ಕೂರಿಸಿದ ಫ್ಲ್ಯಾಶ್ ಹೈಡರ್ (ಗುಂಡು ಹಾರುವಾಗಿನ ಬೆಂಕಿಯನ್ನು ಮರೆಮಾಡುವ ತುಂಡು) ಅಥವಾ ಬ್ರೇಕ್ (ಒದೆತ ತಗ್ಗಿಸುವ ತುಂಡು) ಬ್ಯಾರಲ್ ಉದ್ದದ ಲೆಕ್ಕಕ್ಕೆ ಸೇರುತ್ತದೆ. ಇವನ್ನೇ ಮುಂದೆ 'ಡಿವೈಸ್' ಎಂದಿದೆ. 'ಶಾಶ್ವತ' ಎಂದರೆ ಏನು ಎಂಬುದನ್ನು ಬಂದೂಕುಗಳ ಮೇಲ್ವಿಚಾರಣೆ ನೋಡುವ ಫೆಡರಲ್ ಎಟಿಎಫ್ ಇಲಾಖೆ ತನ್ನ ಕೈಪಿಡಿಯಲ್ಲಿ ಹೇಳಿದೆ. ಮೂರೇ ದಾರಿ: ಸುತ್ತಲೂ ಪೂರ್ತಿ ಸೀಮ್ ವೆಲ್ಡಿಂಗ್, 1100 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 593 ಡಿಗ್ರಿ ಸೆಲ್ಸಿಯಸ್) ತಾಪದ ಬೆಳ್ಳಿ ಬೆಸುಗೆ, ಕುರುಡು (ಆಚೆ ತೂರದ) ತೂತಿಗೆ ಪಿನ್ ಹೊಡೆದು ಅದರ ತಲೆಯ ಮೇಲೆ ವೆಲ್ಡ್ ಮಾಡುವುದು. ಕೆಂಪು ಲಾಕ್‌ಟೈಟ್, ರಾಕ್‌ಸೆಟ್ (ಎರಡೂ ಥ್ರೆಡ್ಡಿಗೆ ಹಚ್ಚುವ ಅಂಟು), ಸೆಟ್ ಸ್ಕ್ರೂ, ಎರಡು ಕಡೆ ಟ್ಯಾಕ್ ವೆಲ್ಡ್ ಇವು ಯಾವುವೂ ನಡೆಯುವುದಿಲ್ಲ, ಎಷ್ಟೇ ಗಟ್ಟಿ ಹಿಡಿದಿದ್ದರೂ. ಈ ಮೂರರಲ್ಲಿ ನಮ್ಮ ಓಟು ಮೂರನೆಯದಕ್ಕೆ. ಅದರಲ್ಲಿ ಬೆಸುಗೆಯ ಬಿಸಿ ಡಿವೈಸಿನ ಗೋಡೆಯಲ್ಲೇ ನಿಲ್ಲುತ್ತದೆ, ಬ್ಯಾರಲಿನ ಉಕ್ಕನ್ನು ಕರಗಿಸುವುದಿಲ್ಲ.

ಇದನ್ನು ಮಾಡಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. 2026ರ ಜನವರಿ 1ರಿಂದ ಶಾರ್ಟ್ ಬ್ಯಾರಲ್ಡ್ ರೈಫಲಿನ ಮೇಲಿದ್ದ 200 ಡಾಲರ್ ತೆರಿಗೆ ಸೊನ್ನೆಯಾಗಿದೆ. ಅರ್ಜಿ, ಬೆರಳಚ್ಚು, ನೋಂದಣಿ ಮಾತ್ರ ಹಾಗೇ ಇವೆ. ಹಾಗಾದರೆ ವೆಲ್ಡಿಂಗ್ ಯಾಕೆ? ನೋಂದಾಯಿಸಿದ ರೈಫಲನ್ನು ಇನ್ನೊಂದು ರಾಜ್ಯಕ್ಕೆ ಒಯ್ಯಲು ಮೊದಲೇ ಅನುಮತಿ ಪಡೆಯಬೇಕು, ಕೆಲವು ರಾಜ್ಯಗಳಲ್ಲಂತೂ ಅದಕ್ಕೆ ಜಾಗವೇ ಇಲ್ಲ. ಪಿನ್ ಮಾಡಿದ ರೈಫಲ್ ಸಾಮಾನ್ಯ ರೈಫಲ್, ಕಾಗದಪತ್ರದ ತಾಪತ್ರಯವಿಲ್ಲ. ಆಗಾಗ ರಾಜ್ಯ ದಾಟಿ ಬೇಟೆಗೋ ಸ್ಪರ್ಧೆಗೋ ಹೋಗುವವರಿಗೆ ಈಗಲೂ ಇದೇ ವಾಸಿ. ಬ್ಯಾರಲ್, ಗ್ಯಾಸ್ ಬ್ಲಾಕ್, ಮೌಂಟು ಪದೇ ಪದೇ ಬದಲಿಸುವ ಚಟವಿದ್ದವರು ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು

ಅಮೆರಿಕದಲ್ಲಿರುವ ಕನ್ನಡಿಗರು ಮೊದಲು ತಮ್ಮ ವೀಸಾ ನೋಡಿಕೊಳ್ಳಬೇಕು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಷ್ಟೇ ಇವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ರಾಜ್ಯದ ಕಾನೂನು ಬೇರೆಯೇ ಕತೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಫ್ಲ್ಯಾಶ್ ಸಪ್ರೆಸರ್ (ಫ್ಲ್ಯಾಶ್ ಹೈಡರಿನ ಇನ್ನೊಂದು ಹೆಸರು) ಎಂಬುದೇ ಸೆಮಿ-ಆಟೋ ರೈಫಲನ್ನು 'ಅಸಾಲ್ಟ್ ವೆಪನ್' ಪಟ್ಟಿಗೆ ತಳ್ಳುವ ಲಕ್ಷಣಗಳಲ್ಲಿ ಒಂದು. ನ್ಯೂಯಾರ್ಕಿನಲ್ಲಿ ಮಜಲ್ ಬ್ರೇಕ್ ಕೂಡ ಅದೇ ಪಟ್ಟಿಯಲ್ಲಿದೆ. ಫೆಡರಲ್ ಲೆಕ್ಕದಲ್ಲಿ ಸರಿಯಾದ ಕೆಲಸ ರಾಜ್ಯದ ಲೆಕ್ಕದಲ್ಲಿ ತಪ್ಪಾಗಬಹುದು.

ಭಾರತದಲ್ಲಿ ಇದನ್ನು ಯಾರೂ ಮನೆಯಲ್ಲಿ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ತಯಾರಿಗೂ ದುರಸ್ತಿಗೂ ಪರವಾನಗಿ ಬೇಕು, 6ನೇ ಕಲಮು ಬ್ಯಾರಲ್ ಗಿಡ್ಡ ಮಾಡುವುದಕ್ಕೂ ಅದನ್ನೇ ಹೇಳುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಬ್ಯಾರಲಿಗೆ ಡ್ರಿಲ್ ಹಾಕುವುದಕ್ಕಲ್ಲ.

ಕಾನೂನಿನ ಇನ್ನೊಂದು ಬಲೆ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಪಿನ್ ಆಗದ 14.5 ಇಂಚಿನ ಬ್ಯಾರಲ್ ಇರುವ ಅಪ್ಪರನ್ನು (ಬ್ಯಾರಲ್, ಬೋಲ್ಟ್ ಇರುವ ಮೇಲರ್ಧ) ರೈಫಲ್ ಲೋವರಿನ (ಟ್ರಿಗರ್ ಇರುವ ಕೆಳರ್ಧ) ಮೇಲೆ "ಒಂದು ನಿಮಿಷ ಕೂತು ನೋಡಲಿ" ಎಂದು ಕೂರಿಸಿದರೂ ಆ ನಿಮಿಷದಲ್ಲಿ ಅದು ನೋಂದಾಯಿಸದ ಶಾರ್ಟ್ ಬ್ಯಾರಲ್ಡ್ ರೈಫಲ್. ಜೋಡಿಸದೆ ಬರೀ ಭಾಗಗಳನ್ನು ಒಟ್ಟಿಗೆ ಇಟ್ಟುಕೊಂಡರೂ, ಆ ಭಾಗಗಳಿಂದ ಬೇರೆ ಸಕ್ರಮ ಉಪಯೋಗ ಇಲ್ಲದಿದ್ದರೆ, ತಕರಾರು ಏಳಬಹುದು. 1992ರಲ್ಲಿ ಥಾಂಪ್ಸನ್ ಸೆಂಟರ್ ಆರ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದೇ ಬಗೆಯ ಪ್ರಶ್ನೆ. ಸುಲಭದ ದಾರಿ ಎಂದರೆ ಬ್ಯಾರಲನ್ನು ಅಂಗಡಿಯಿಂದ ನೇರವಾಗಿ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಕಳಿಸಿ, ಕೆಲಸ ಮುಗಿದ ಮೇಲೆ ಮನೆಗೆ ತರಿಸಿಕೊಳ್ಳುವುದು. ಸ್ವಂತ ರೈಫಲಿಗೆ ತಾನೇ ಮಾಡಿಕೊಳ್ಳಲು ಲೈಸೆನ್ಸ್ ಬೇಡ. ದುಡ್ಡು ತೆಗೆದುಕೊಂಡು ಬೇರೆಯವರಿಗೆ ಮಾಡಿಕೊಡುವುದನ್ನೇ ಕಸುಬು ಮಾಡಿಕೊಂಡರೆ ಬೇಕು.

ಡಿವೈಸ್ ಆರಿಸುವ ಲೆಕ್ಕ

ಡಿವೈಸಿನ ಪೂರ್ತಿ ಉದ್ದ ಬ್ಯಾರಲಿಗೆ ಸೇರುವುದಿಲ್ಲ. ಥ್ರೆಡ್ ಮೇಲೆ ಹತ್ತಿ ಕೂತ ಭಾಗ, ಸುಮಾರು 0.6 ಇಂಚು (15 ಮಿ.ಮೀ.), ಆಗಲೇ ಬ್ಯಾರಲಿನ ಲೆಕ್ಕದಲ್ಲಿ ಇದೆ. ಆದ್ದರಿಂದ:

ಬ್ಯಾರಲ್ + ಡಿವೈಸಿನ ಉದ್ದ − 0.6 + ವಾಷರಿನ ದಪ್ಪ = ಒಟ್ಟು.

ಮಾಮೂಲಿ ಎ2 'ಪಂಜರ' ಫ್ಲ್ಯಾಶ್ ಹೈಡರ್ ಸುಮಾರು 1.75 ಇಂಚು ಉದ್ದ. 14.5ರ ಮೇಲೆ ಹಾಕಿದರೆ 15.7ರ ಆಸುಪಾಸಿಗೆ ನಿಲ್ಲುತ್ತದೆ, 16 ಮುಟ್ಟುವುದಿಲ್ಲ. ಇದು ಹೊಸಬರ ಮೊದಲ ತಪ್ಪು. 2.25 ಇಂಚಿನ ಡಿವೈಸ್ ಹಾಕಿದರೆ 16.15, ನೆಮ್ಮದಿ. 13.9 ಇಂಚಿನ ಬ್ಯಾರಲಿಗೆ ಕನಿಷ್ಠ 2.8, 13.7ಕ್ಕೆ 3.0 ಇಂಚಿನದು ಬೇಕು. ಲೆಕ್ಕ ಸರಿಯಾಗಿ 16.00ಕ್ಕೆ ಬಂದರೆ ಆ ಡಿವೈಸನ್ನು ಬಿಟ್ಟುಬಿಡಿ. ಕನಿಷ್ಠ 16.1 ಇಂಚು (409 ಮಿ.ಮೀ.) ಬರಲಿ. '14.5' ಎಂದು ಮಾರುವ ಬ್ಯಾರಲ್ ಅಳೆದಾಗ ಒಂದಿಷ್ಟು ಕಡಿಮೆ ಇರುವುದುಂಟು.

ಲೋಹವನ್ನೂ ವಿಚಾರಿಸಿ. ಕ್ರೋಮೊಲಿ ಉಕ್ಕಿನದಾದರೆ ಒಳ್ಳೆಯದು. 17-4 ಸ್ಟೇನ್‌ಲೆಸ್ ಆದರೂ ಆಗುತ್ತದೆ, ಫಿಲ್ಲರ್ ರಾಡ್ ಬೇರೆ ಬೇಕು. ಟೈಟಾನಿಯಂ ಡಿವೈಸಿಗೆ ಉಕ್ಕಿನ ಪಿನ್ ವೆಲ್ಡ್ ಆಗದು. ಆದಂತೆ ಕಂಡರೂ ಗಾಜಿನಂತೆ ಬಿರಿಯುತ್ತದೆ. ಮುಂದೆಂದಾದರೂ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕುವ ಯೋಚನೆ ಇದ್ದರೆ ಈ ಡಿವೈಸೇ ಅದರ ಮೌಂಟು ಆಗಬೇಕಾಗುತ್ತದೆ. ಅಂದರೆ ಯಾವ ಕಂಪನಿಯ ಮೌಂಟು ಎಂಬುದನ್ನು ಇವತ್ತೇ ತೀರ್ಮಾನಿಸಬೇಕು.

ಮೊದಲು ಹತ್ತಬೇಕಾದವು

ಬ್ಯಾರಲ್ ಮೂತಿಯ ಕಡೆಯಿಂದ ತೂರಿಸುವ ಪ್ರತಿಯೊಂದೂ ಪಿನ್ ಹೊಡೆಯುವ ಮುಂಚೆಯೇ ಹತ್ತಿರಬೇಕು. ಬ್ಯಾರಲನ್ನು ಅಪ್ಪರಿಗೆ ಕೂರಿಸಿ ಬ್ಯಾರಲ್ ನಟ್ ಬಿಗಿಮಾಡಿ (30ರಿಂದ 80 ಫುಟ್-ಪೌಂಡ್ ನಡುವೆ). ಆಮೇಲೆ ಗ್ಯಾಸ್ ಟ್ಯೂಬ್ ಸೇರಿಸಿದ ಗ್ಯಾಸ್ ಬ್ಲಾಕ್. ಸಾಮಾನ್ಯ ಗ್ಯಾಸ್ ಬ್ಲಾಕಿನ ಒಳವ್ಯಾಸ 0.750 ಇಂಚು, ಡಿವೈಸಿನ ಹೊರವ್ಯಾಸ ಸಾಮಾನ್ಯವಾಗಿ 0.865. ಬೆಸುಗೆಯಾದ ಮೇಲೆ ಗ್ಯಾಸ್ ಬ್ಲಾಕ್ ಮುಂದಿನಿಂದ ಹೊರಬರುವುದಕ್ಕೂ ಒಳಹೋಗುವುದಕ್ಕೂ ದಾರಿ ಇರುವುದಿಲ್ಲ. ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡಿನ ಒಳಗೆ ಡಿವೈಸ್ ಸಲೀಸಾಗಿ ನುಗ್ಗುವಷ್ಟು ಅಗಲವಿದ್ದರೆ ಅದನ್ನು ಆಮೇಲೆ ತೂರಿಸಬಹುದು. ನುಗ್ಗುತ್ತದೋ ಇಲ್ಲವೋ ಎಂದು ಈಗಲೇ ಹಾಕಿ ತೆಗೆದು ನೋಡಿಕೊಳ್ಳಿ, ಊಹೆ ಬೇಡ.

ಗ್ಯಾಸ್ ಬ್ಲಾಕಿನ ವಿಷಯದಲ್ಲಿ ನಾಲ್ಕು ಮಾತು ಹೆಚ್ಚಿಗೆ. ಬರೀ ಎರಡು ಸೆಟ್ ಸ್ಕ್ರೂ ಮೇಲೆ ನಿಂತ ಬ್ಲಾಕ್ ಶೂಟಿಂಗಿನ ಬಿಸಿಗೆ ಸಡಿಲವಾಗಿ ಜರುಗಿದರೆ ರೈಫಲ್ ಒಂದೊಂದೇ ಗುಂಡು ಹಾರಿಸುವ ಸಿಂಗಲ್ ಶಾಟ್ ಆಗಿಬಿಡುತ್ತದೆ. ಆದ್ದರಿಂದ ಪಿನ್ ಮಾಡಿದ ಗ್ಯಾಸ್ ಬ್ಲಾಕೇ ಹಾಕಿ. ಅದಾಗದಿದ್ದರೆ ಸ್ಕ್ರೂ ಕೂರುವಲ್ಲಿ ಬ್ಯಾರಲಿಗೆ ಗುಳಿ ಮಾಡಿ, ರಾಕ್‌ಸೆಟ್ ಹಚ್ಚಿ ಬಿಗಿಮಾಡಿ. ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಈ ಕೆಲಸಕ್ಕೆ ನಮಗೆ ಇಷ್ಟವಿಲ್ಲ: ಅದರ ಸ್ಕ್ರೂ ಇಂಗಾಲ ಕಟ್ಟಿ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡರೆ ಬ್ಲಾಕ್ ಬಿಚ್ಚಿ ಶುಚಿ ಮಾಡುವ ಹಾಗಿಲ್ಲ. ಗ್ಯಾಸ್ ಟ್ಯೂಬಿನದು ಅಷ್ಟು ಚಿಂತೆಯಿಲ್ಲ. ಹ್ಯಾಂಡ್‌ಗಾರ್ಡ್ ತೆಗೆದು ರೋಲ್ ಪಿನ್ ಹೊಡೆದರೆ ಬ್ಲಾಕ್ ಅಲ್ಲಾಡಿಸದೆ ಟ್ಯೂಬ್ ಬದಲಿಸಬಹುದು.

ಗ್ಯಾಸ್ ಪೋರ್ಟಿನ ಮೇಲೆ ಬ್ಲಾಕಿನ ತೂತು ನೇರ ಕೂತಿದೆಯೇ ಎಂದು ಬೋರ್‌ಸ್ಕೋಪಿನಲ್ಲಿ ನೋಡಿ. ಬ್ಲಾಕನ್ನು ಬ್ಯಾರಲಿನ ಭುಜಕ್ಕೆ ಅಂಟಿಸಿ ಕೂರಿಸುವುದೇ ಅಥವಾ ಹ್ಯಾಂಡ್‌ಗಾರ್ಡ್ ರಿಟೇನರಿನ ದಪ್ಪದಷ್ಟು (ಸುಮಾರು 0.025 ಇಂಚು) ಮುಂದೆ ಕೂರಿಸುವುದೇ ಎಂಬುದು ಬ್ಲಾಕಿನ ತಯಾರಿಕೆಯ ಮೇಲೆ ನಿಂತಿದೆ. ಗುಂಡು ಹಾರಿಸಿಯೇ ಪರೀಕ್ಷೆ ಆಗಬೇಕೆಂದರೆ ಅದಕ್ಕೆ ಸಕ್ರಮ ಪಿಸ್ತೂಲ್ ಲೋವರ್ ಬೇಕು ಅಥವಾ ಲೈಸೆನ್ಸ್ ಇರುವ ಅಂಗಡಿಯವರೇ ಮಾಡಬೇಕು; ರೈಫಲ್ ಲೋವರಿನ ಮೇಲೆ ಇಟ್ಟು ನೋಡುವುದು ಮೇಲೆ ಹೇಳಿದ ಬಲೆಗೆ ಕಾಲಿಟ್ಟಂತೆ. ಹೆಡ್‌ಸ್ಪೇಸ್ (ಬೋಲ್ಟಿನ ಮುಂದೆ ಕಾರ್ಟ್ರಿಜ್ ಕೂರುವ ಜಾಗ) ಗೇಜಿನ ಪರೀಕ್ಷೆಯೂ ಈ ಹಂತದಲ್ಲೇ ಮುಗಿಯಲಿ.

ಡಿವೈಸ್ ಬಿಗಿಮಾಡುವುದು

ಥ್ರೆಡ್ ಯಾವುದೆಂದು ನೋಡಿ: 5.56ಕ್ಕೆ 1/2-28, .308ಕ್ಕೂ .300 ಬ್ಲ್ಯಾಕ್‌ಔಟಿಗೂ ಸಾಮಾನ್ಯವಾಗಿ 5/8-24. ಎ2 ಬಗೆಯ ಫ್ಲ್ಯಾಶ್ ಹೈಡರಿಗೆ ಕ್ರಶ್ ವಾಷರ್ (ಬಿಗಿದಾಗ ಹಿಸುಕಿಕೊಳ್ಳುವ ವಾಷರ್) ಸಾಕು, ಸೀಳುಗಳಿಲ್ಲದ ಮುಚ್ಚಿದ ಮೈ ನೆಲದ ಕಡೆ ಬರುವಂತೆ ತಿರುಗಿಸಿ. ಕ್ರಶ್ ವಾಷರ್ ಒಂದು ಸಲ ಒತ್ತಿದರೆ ಮುಗಿಯಿತು. ತಿರುಗಿಸಿದ್ದು ಹೆಚ್ಚಾದರೆ ಹಿಂದಕ್ಕೆ ತಿರುಗಿಸಿ ಸರಿಮಾಡಬೇಡಿ, ಹೊಸ ವಾಷರ್ ಹಾಕಿ. ಸಪ್ರೆಸರ್ ಮೌಂಟಾದರೆ ಕ್ರಶ್ ವಾಷರ್ ಬೇಡವೇ ಬೇಡ. ಅದು ಒಂದು ಕಡೆ ಹೆಚ್ಚು ಒತ್ತಿಕೊಂಡು ಡಿವೈಸನ್ನು ಓರೆ ಮಾಡುತ್ತದೆ, ಓರೆಯಾದರೆ ಗುಂಡು ಸಪ್ರೆಸರಿನ ಒಳಗೋಡೆಗೆ ಬಡಿಯುತ್ತದೆ. ಅಲ್ಲಿಗೆ ತೆಳು ಶಿಮ್‌ಗಳನ್ನೇ ಹಾಕಿ, ಅಲೈನ್‌ಮೆಂಟ್ ರಾಡ್ ತೂರಿಸಿ ನೋಡಿ.

ಬಿಗಿ 20ರಿಂದ 30 ಫುಟ್-ಪೌಂಡ್ ಸಾಕು. ಬಿಗಿಮಾಡುವಾಗ ಬ್ಯಾರಲನ್ನು ಬ್ಯಾರಲ್ ವೈಸಿನಲ್ಲೋ ರಿಯಾಕ್ಷನ್ ರಾಡಿನಲ್ಲೋ ಹಿಡಿಯಿರಿ. ಅಪ್ಪರನ್ನು ಹಿಡಿದು ತಿರುಗಿಸಿದರೆ ಬ್ಯಾರಲಿನ ಇಂಡೆಕ್ಸ್ ಪಿನ್ ಅಪ್ಪರಿನ ಅಲ್ಯೂಮಿನಿಯಂ ಸೀಳನ್ನು ಹಿಗ್ಗಿಸಿಬಿಡುತ್ತದೆ.

ಈಗ ಮೊದಲ ಅಳತೆ. ಬೋಲ್ಟ್ ಕ್ಯಾರಿಯರನ್ನು (ಫೈರಿಂಗ್ ಪಿನ್ ತೆಗೆದಿಟ್ಟು) ಅಪ್ಪರಿಗೆ ಹಾಕಿ ಮುಂದಕ್ಕೆ ತಳ್ಳಿ ಬೋಲ್ಟ್ ಲಾಕ್ ಮಾಡಿ. 3/16 ಇಂಚಿನ ನೇರ ಮರದ ಕಡ್ಡಿಯನ್ನು ಮೂತಿಯಿಂದ ಬೋಲ್ಟಿನ ಮುಖ ಮುಟ್ಟುವವರೆಗೆ ಬಿಟ್ಟು, ಡಿವೈಸಿನ ಅಂಚಿಗೆ ಸರಿಯಾಗಿ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹೊರಗೆ ತೆಗೆದು ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. ಇಲಾಖೆಯವರು ಅಳೆಯುವುದೂ ಹೀಗೇ. ಕಡ್ಡಿಯ ತುದಿ ಸಪಾಟಾಗಿರಲಿ. ಎಜೆಕ್ಟರಿನ ಮೇಲೆ ಕೂತರೆ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ, ಆದ್ದರಿಂದ ಕಡ್ಡಿಯನ್ನು ಸ್ವಲ್ಪ ತಿರುಗಿಸಿ ಎರಡು ಮೂರು ಸಲ ನೋಡಿ. 16.1 ಬರದಿದ್ದರೆ ಇಲ್ಲೇ ನಿಲ್ಲಿಸಿ, ಉದ್ದದ ಡಿವೈಸ್ ತರಿಸಿ.

ತೂತು

ಇಡೀ ಕೆಲಸದಲ್ಲಿ ಬ್ಯಾರಲ್ ಹಾಳಾಗುವ ಹಂತ ಇದೊಂದೇ. ಆದ್ದರಿಂದ ಅಂಕಿ ಬರೆದುಕೊಂಡೇ ಮುಂದುವರಿಯಿರಿ.

1/2-28 ಥ್ರೆಡ್ಡಿನ ಹೊರವ್ಯಾಸ 0.500 ಇಂಚು, 5.56 ಬೋರಿನ (ಬ್ಯಾರಲಿನ ಒಳರಂಧ್ರದ) ಗ್ರೂವ್ ವ್ಯಾಸ 0.224. ಅಂದರೆ ಥ್ರೆಡ್ಡಿನ ಏಣಿನಿಂದ ಬೋರಿನವರೆಗೆ ಗೋಡೆ 0.138 ಇಂಚು, ಮೂರೂವರೆ ಮಿ.ಮೀ. ಇದರೊಳಗೆ ಪಿನ್ ಇಳಿಯಬೇಕಾದ್ದು 1.5 ಮಿ.ಮೀ. ಮಾತ್ರ, ಕೆಳಗೆ 2 ಮಿ.ಮೀ. ಉಕ್ಕು ಉಳಿಯಬೇಕು. 0.865 ಇಂಚಿನ ಡಿವೈಸಾದರೆ ಅದರ ಗೋಡೆ 4.6 ಮಿ.ಮೀ. ಎರಡೂ ಕೂಡಿ ತೂತಿನ ಆಳ 6.1 ಮಿ.ಮೀ. ಪಾನಾ ಹಿಡಿಯುವ ಸಪಾಟು ಜಾಗದಲ್ಲಿ (ಮುಕ್ಕಾಲು ಇಂಚಿನದು) ಕೊರೆದರೆ ಗೋಡೆ 3.2, ಒಟ್ಟು 4.7 ಮಿ.ಮೀ. ಸಪಾಟು ಜಾಗವೇ ಒಳ್ಳೆಯದು, ಡ್ರಿಲ್ ಜಾರುವುದಿಲ್ಲ.

9 ಎಂ.ಎಂ. ಕಾರ್ಬೈನುಗಳಲ್ಲೂ ಅರ್ಧ ಇಂಚಿನ ಥ್ರೆಡ್ಡೇ ಇರುತ್ತದೆ, ಬೋರ್ ಮಾತ್ರ 0.355. ಅಲ್ಲಿ ಗೋಡೆ ಬರೀ 1.8 ಮಿ.ಮೀ. ಮೇಲಿನ ಲೆಕ್ಕವನ್ನು ಕಣ್ಣುಮುಚ್ಚಿ ಅಲ್ಲಿಗೆ ಹಚ್ಚಿದರೆ ಪಿನ್ನಿನ ಕೆಳಗೆ ಕಾಗದದಷ್ಟು ಉಕ್ಕು ಉಳಿಯುತ್ತದೆ. ಅಂಥವಕ್ಕೆ ಬೆಳ್ಳಿ ಬೆಸುಗೆಯೇ ಸರಿ.

ಜಾಗ: ಕೆಳಮೈ, ಅಂದರೆ ಗಡಿಯಾರದ ಆರು ಗಂಟೆಯ ದಿಕ್ಕು. ಬ್ಯಾರಲಿನ ಭುಜದಿಂದ ಸುಮಾರು 8 ಮಿ.ಮೀ. ಮುಂದೆ. ಭುಜದ ಪಕ್ಕದಲ್ಲೇ ಥ್ರೆಡ್ ಶುರುವಾಗುವ ಮುಂಚಿನ ತೋಡು ಇರುತ್ತದೆ, ಅಲ್ಲಿ ಉಕ್ಕು ಇನ್ನೂ ತೆಳು. ಅದರ ಮೇಲೆ ಬರಬಾರದು. ನಡುವೆ 2 ಮಿ.ಮೀ. ವಾಷರ್ ಇದ್ದರೆ ಡಿವೈಸಿನ ಹಿಂದಿನ ಅಂಚಿನಿಂದ 6 ಮಿ.ಮೀ. ಎಂದು ಗುರುತು ಹಾಕಿ. ಕೆಲವು ಡಿವೈಸುಗಳಿಗೆ ಕಾರ್ಖಾನೆಯಲ್ಲೇ ಅರೆತೂತು ಮಾಡಿರುತ್ತಾರೆ. ಹಾಗಿದ್ದರೆ ಡಿವೈಸ್ ಬಿಗಿಮಾಡುವಾಗಲೇ ಆ ತೂತು ಕೆಳಗೆ ಬರುವಂತೆ ಶಿಮ್ ಹಾಕಿಕೊಳ್ಳಿ.

1. ಅಪ್ಪರನ್ನು ಲೋವರಿನಿಂದ ದೂರವಿಟ್ಟು, ಅದರ ಮೇಲಿನ ಸ್ಕೋಪು, ರೆಡ್ ಡಾಟ್ ಇತ್ಯಾದಿ ಬಿಚ್ಚಿ. ಬೋಲ್ಟ್ ತೆಗೆಯಿರಿ. ಬೋರಿನೊಳಗೆ ಚೂರು ಬೀಳದಂತೆ ಬಟ್ಟೆಯ ತುಂಡು ತುರುಕಿ.

2. ಬ್ಯಾರಲನ್ನು ಡ್ರಿಲ್ ಪ್ರೆಸ್ ಅಥವಾ ಮಿಲ್ಲಿನ ಮೇಲೆ ವಿ-ಬ್ಲಾಕುಗಳಲ್ಲಿ ಅಲ್ಲಾಡದಂತೆ ಕಟ್ಟಿ. ಕೈಡ್ರಿಲ್ ಹಿಡಿಯಬೇಡಿ. ಆಳದ ಮೇಲೂ ಕೋನದ ಮೇಲೂ ಹಿಡಿತ ಸಿಗುವುದಿಲ್ಲ.

3. ಡಿವೈಸಿಗೆ ನೈಟ್ರೈಡ್ ಪದರ ಇದ್ದರೆ ಮಾಮೂಲಿ ಬಿಟ್ ಚೀರುತ್ತಾ ಮೊಂಡಾಗುತ್ತದೆ. ಮೊದಲು ಸಣ್ಣ ಗ್ರೈಂಡಿಂಗ್ ಕಲ್ಲಿನಲ್ಲಿ ಮೇಲ್ಪದರ ತೆಗೆದು ಬಿಳಿ ಲೋಹ ಕಾಣಿಸಿ, ಆಮೇಲೆ ಸೆಂಟರ್ ಡ್ರಿಲ್, ಆಮೇಲೆ 1/8 ಇಂಚಿನ ಕೋಬಾಲ್ಟ್ ಬಿಟ್. ಬ್ಯಾರಲೂ ನೈಟ್ರೈಡ್ ಆಗಿದ್ದರೆ ಒಳಗೆ ಇಳಿದಾಗ ಅದೇ ಗಡಸು ಪದರ ಮತ್ತೊಮ್ಮೆ ಎದುರಾಗುತ್ತದೆ. ಅಲ್ಲಿ ಕಾರ್ಬೈಡ್ ಬೇಕು.

4. ಪ್ರೆಸ್ಸಿನ ಸ್ಟಾಪ್ ಕಟ್ಟಿ. 1/8 ಇಂಚಿನ ಬಿಟ್ಟಿನ ಚೂಪು ತುದಿಯೇ ಹತ್ತಿರ ಹತ್ತಿರ 1 ಮಿ.ಮೀ. ಉದ್ದ. ತುದಿಯಿಂದ ಅಳೆದರೆ ಪಿನ್ನಿಗೆ ಬ್ಯಾರಲಿನಲ್ಲಿ ಸಿಗುವ ಹಿಡಿತ ಅರ್ಧ ಮಿ.ಮೀ. ಮಾತ್ರ, ಪೂರ್ತಿ ಅಗಲ 1.5 ಇಳಿಯಲೆಂದು ಬಿಟ್ಟನ್ನೇ ಇನ್ನೂ ತಳ್ಳಿದರೆ ತುದಿ ಬೋರಿನ ಹತ್ತಿರ ಹೋಗುತ್ತದೆ. ಉಪಾಯ ಸರಳ: ಡ್ರಿಲ್ ಬಿಟ್ಟಿನ ತುದಿಯನ್ನು 6.1ಕ್ಕೆ (ಸಪಾಟು ಜಾಗದಲ್ಲಿ 4.7ಕ್ಕೆ) ನಿಲ್ಲಿಸಿ, ಉಳಿದ ತಳವನ್ನು 1/8 ಇಂಚಿನ ಎಂಡ್ ಮಿಲ್ಲಿನಲ್ಲಿ ಅದೇ ಆಳಕ್ಕೆ ಸಪಾಟು ಮಾಡಿ.

5. ಒಂದೇ ಸಮ ಒತ್ತದೆ, ಇಷ್ಟಿಷ್ಟೇ ಇಳಿಸಿ ಮೇಲೆತ್ತಿ ಚೂರು ತೆಗೆಯುತ್ತಾ ಹೋಗಿ. ಡಿವೈಸ್ ದಾಟಿ ಥ್ರೆಡ್ ಸಿಕ್ಕಾಗ ಹೊರಬರುವ ಸುರುಳಿ ತುಂಡು ತುಂಡಾಗುತ್ತದೆ, ಕೈಗೂ ಸಣ್ಣ ನಡುಕ ತಾಗುತ್ತದೆ. ಅಲ್ಲಿಂದ ಮುಂದೆ ಕ್ಯಾಲಿಪರಿನ ಬಾಲದಿಂದ ಎರಡು ಮೂರು ಸಲ ಆಳ ಅಳೆದೇ ಇಳಿಯಿರಿ.

6. ಬಟ್ಟೆ ತೆಗೆದು ಬೋರಿನೊಳಗೆ ಬೆಳಕು ಬಿಟ್ಟು ನೋಡಿ. ಉಬ್ಬಾಗಲಿ ಚುಕ್ಕೆಯಾಗಲಿ ಕಾಣಬಾರದು. ಬೋರಿಗೆ ತೂತು ಬಿದ್ದರೆ ವೆಲ್ಡ್ ಮಾಡಿ ಮುಚ್ಚುವ ಆಸೆ ಬೇಡ, ಆ ಬ್ಯಾರಲಿನ ಕತೆ ಮುಗಿಯಿತು.

ಪಿನ್, ಬೆಸುಗೆ

ಪಿನ್ನಿಗೆ ಅಂಗಡಿ ಸುತ್ತಬೇಕಿಲ್ಲ. 1/8 ಇಂಚು ದಪ್ಪದ ಇಆರ್70ಎಸ್-2 ಟಿಗ್ ಫಿಲ್ಲರ್ ರಾಡಿನ ತುಂಡೇ ಪಿನ್. ಕೆಲವರು ಮುರಿದ ಡ್ರಿಲ್ ಬಿಟ್ಟಿನ ಹಿಡಿಯನ್ನು ಹಾಕುತ್ತಾರೆ. ಆ ಗಡಸು ಉಕ್ಕು ಬೆಸುಗೆಯ ಬಿಸಿಗೆ ಬಿರಿಯುವ ಸಾಧ್ಯತೆ ಹೆಚ್ಚು. ಪಿನ್ನಿನ ಉದ್ದ ತೂತಿನ ಆಳಕ್ಕಿಂತ 1.5 ಮಿ.ಮೀ. ಕಡಿಮೆ: 6.1ಕ್ಕೆ 4.6, 4.7ಕ್ಕೆ 3.2. ಮೇಲೆ ಉಳಿದ ಆ ಗುಳಿಯಲ್ಲೇ ಬೆಸುಗೆ ತುಂಬಿಕೊಳ್ಳುತ್ತದೆ. ಪಿನ್ ಮೇಲ್ಮೈಗೆ ಸರಿಸಮ ಇದ್ದರೆ ಬೆಸುಗೆ ಟಿಕಳಿಯಂತೆ ಮೇಲೆ ಕೂರುತ್ತದೆ, ಅರ ಹಾಕಿದರೆ ಪೂರ್ತಿ ಹೋಗುತ್ತದೆ.

ತೂತಿನ ಸುತ್ತ ಒಂದು ಸೆಂಟಿಮೀಟರ್ ಬರೀ ಲೋಹ ಕಾಣುವವರೆಗೆ ಉಜ್ಜಿ. ಪಾರ್ಕರೈಸಿಂಗ್ ಅಥವಾ ನೈಟ್ರೈಡ್ ಉಳಿದಿದ್ದರೆ ಬೆಸುಗೆ ಸ್ಪಂಜಿನಂತೆ ತೂತು ತೂತಾಗುತ್ತದೆ. ಕೊರೆಯುವ ಎಣ್ಣೆಯನ್ನು ಅಸಿಟೋನಿನಲ್ಲಿ ತೊಳೆಯಿರಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹತ್ತಿರವೂ ತರಬೇಡಿ. ಅದರ ಪಸೆ ಆರ್ಕಿನ ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ, ಅದು ಜೀವ ತೆಗೆಯಬಲ್ಲದು. ತೊಳೆದು ಅಸಿಟೋನ್ ಪೂರ್ತಿ ಆರಿದ ಮೇಲೆ ಹೀಟ್ ಗನ್ನಿನಲ್ಲಿ ಬಿಸಿಮಾಡಿ. ಥ್ರೆಡ್ಡಿನ ಸಂದಿಯಲ್ಲಿ ಅಡಗಿದ ಎಣ್ಣೆ ಮೇಲೆ ಬರುತ್ತದೆ, ಲೋಹ ತಣ್ಣಗಾದ ಮೇಲೆ ಇನ್ನೊಮ್ಮೆ ಒರೆಸಿ ಪೂರ್ತಿ ಆರಲು ಬಿಡಿ. ಕೆಲಸ ಗಾಳಿಯಾಡುವ ಕಡೆ ನಡೆಯಲಿ.

ಟಿಗ್ ಮೆಷಿನ್ ಡಿಸಿಯಲ್ಲಿ, ಎಲೆಕ್ಟ್ರೋಡ್ ನೆಗೆಟಿವ್, 1/16 ಇಂಚಿನ ಟಂಗ್‌ಸ್ಟನ್, ಆರ್ಗಾನ್ ನಿಮಿಷಕ್ಕೆ 7ರಿಂದ 8 ಲೀಟರ್, ಪೆಡಲಿನ ಮೇಲೆ 70ರಿಂದ 90 ಆಂಪ್. ಅರ್ತ್ ಕ್ಲ್ಯಾಂಪನ್ನು ಡಿವೈಸಿಗೇ ಕಚ್ಚಿಸಿ. ಅಪ್ಪರಿಗೆ ಕಚ್ಚಿಸಿದರೆ ಕರೆಂಟು ಬ್ಯಾರಲ್ ನಟ್ಟು, ಗ್ಯಾಸ್ ಟ್ಯೂಬುಗಳ ಮೂಲಕ ಹರಿದು ಅಲ್ಲಲ್ಲಿ ಕಿಡಿ ಹಾರಿ ಗುಳಿ ಬೀಳಿಸುತ್ತದೆ. ಪಿನ್ ಇಳಿಸಿ ತಳಕ್ಕೆ ತಾಗಿದ್ದನ್ನು ಖಚಿತ ಮಾಡಿಕೊಳ್ಳಿ. ಆರ್ಕನ್ನು ಪಿನ್ನಿನ ತಲೆಯ ಮೇಲೆ ಶುರುಮಾಡಿ, ಕೆರೆ ಕಟ್ಟಿದಂತೆ ಲೋಹ ಕರಗಿದ ಕೂಡಲೇ ಸುತ್ತಲಿನ ಗೋಡೆಗೆ ಹರಡಿ, 1/16 ಇಂಚಿನ ಫಿಲ್ಲರ್ ಎರಡು ಮೂರು ಹನಿ ಕೊಟ್ಟು ಮೇಲ್ಮೈಗಿಂತ ತುಸು ಉಬ್ಬುವಂತೆ ತುಂಬಿ. ಪೆಡಲನ್ನು ನಿಧಾನ ಬಿಡಿ; ಥಟ್ಟನೆ ಬಿಟ್ಟರೆ ನಡುವೆ ಗುಳಿಬಿದ್ದು ಬಿರುಕು ಬಿಡುತ್ತದೆ. 17-4 ಸ್ಟೇನ್‌ಲೆಸ್ ಡಿವೈಸಾದರೆ ಫಿಲ್ಲರ್ 309ಎಲ್.

ಕೆಂಪು ಆರಲಿ ಎಂದು ನೀರು ಹಾಕುವವರಿದ್ದಾರೆ. ಕಮ್ಮಾರನ ಕುಲುಮೆಯಲ್ಲಿ ಕುಡುಗೋಲಿಗೆ ನೀರು ಕುಡಿಸುವುದು ಅದು ಗಡಸಾಗಲಿ ಎಂದೇ. ಇಲ್ಲೂ ಅದೇ ಆಗುತ್ತದೆ: ಕ್ರೋಮೊಲಿ ಥಟ್ಟನೆ ತಣಿದರೆ ಬೆಸುಗೆಯ ಅಂಚು ಗಾಜಿನಷ್ಟು ಪೆಡಸಾಗಿ ಸೀಳುತ್ತದೆ. ಗಾಳಿಯಲ್ಲೇ ಆರಲು ಬಿಡಿ.

ಆರಿದ ಮೇಲೆ ಅರದಿಂದ ಹದವಾಗಿ ಉಜ್ಜಿ. ಪೂರ್ತಿ ಮಾಯ ಮಾಡಬೇಡಿ. ಸಣ್ಣ ಉಬ್ಬು ಕಣ್ಣಿಗೆ ಕಾಣುವಂತಿದ್ದರೆ ರೇಂಜಿನಲ್ಲೋ ರಸ್ತೆಯಲ್ಲೋ ಯಾರಾದರೂ ಕೇಳಿದಾಗ ತೋರಿಸಲು ಸುಲಭ. ಬಿಸಿ ತಾಳುವ ಕಪ್ಪು ಬಣ್ಣ ಬಳಿದರೆ ತುಕ್ಕು ಹಿಡಿಯದು. ಇನ್ನೊಮ್ಮೆ ಕಡ್ಡಿ ಬಿಟ್ಟು ಅಳೆದು, ಸ್ಕೇಲಿನ ಸಮೇತ ಫೋಟೋ ತೆಗೆದಿಟ್ಟುಕೊಳ್ಳಿ; ಗನ್‌ಸ್ಮಿತ್ ಮಾಡಿದ್ದರೆ ರಸೀದಿಯಲ್ಲಿ 'ಪಿನ್ ಮತ್ತು ವೆಲ್ಡ್' ಎಂದೂ ಒಟ್ಟು ಉದ್ದವನ್ನೂ ಬರೆಸಿಕೊಳ್ಳಿ. ಬೋರಿಗೆ ಪ್ಯಾಚ್ ಹಾಕಿ, ಅಲೈನ್‌ಮೆಂಟ್ ರಾಡ್ ಮತ್ತೆ ತೂರಿಸಿ ನೋಡಿ. ಇಷ್ಟಾದ ಮೇಲೆಯೇ ಅಪ್ಪರ್ ರೈಫಲ್ ಲೋವರಿನ ಮೇಲೆ ಕೂರಬೇಕು.

ಬೆಳ್ಳಿ ಬೆಸುಗೆ

ತೆಳುಗೋಡೆಯ ಬ್ಯಾರಲಿಗೆ ಇದು ಒಳ್ಳೆಯ ದಾರಿ, ಆದರೆ ಬಿಸಿ ಇಡೀ ಮೂತಿಗೆ ಏರುತ್ತದೆ. 56 ಪ್ರತಿಶತ ಬೆಳ್ಳಿ ಇರುವ ಮಿಶ್ರಲೋಹ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಹರಿಯುತ್ತದೆ. ಅದಕ್ಕಿಂತ ಮೇಲೇರಿಸಿದರೆ ಬ್ಯಾರಲಿನ ಉಕ್ಕಿನ ಹದ ಇಳಿಯುತ್ತದೆ, ಬೋರಿನ ತುದಿ ಸುಟ್ಟು ಪೊರೆ ಕಟ್ಟುತ್ತದೆ. ಬೋರಿನ ತುದಿಗೆ ಆ್ಯಂಟಿ-ಸ್ಕೇಲ್ ಲೇಪ ಹಚ್ಚಿಯೇ ಟಾರ್ಚ್ ಹಿಡಿಯಿರಿ. ಅಂಗಡಿಯಲ್ಲಿ 'ಸಿಲ್ವರ್ ಸೋಲ್ಡರ್' ಎಂದು ಮಾರುವ, 220 ಡಿಗ್ರಿಯ ಆಸುಪಾಸಿಗೇ ಕರಗುವ ತವರ-ಬೆಳ್ಳಿ ಬೆಸುಗೆ ಬೇರೆ ವಸ್ತು. ಹೆಸರು ಒಂದೇ ಎಂದು ಅದನ್ನು ಬಳಸಿದರೆ ಕಾನೂನಿನ ಕಣ್ಣಿಗೆ ನಿಮ್ಮ ಬ್ಯಾರಲ್ ಇನ್ನೂ 14.5 ಇಂಚೇ.

ಮುಂದೊಂದು ದಿನ ಬಿಚ್ಚಬೇಕಾದರೆ

ಮೊದಲು ಅಪ್ಪರನ್ನು ಲೋವರಿನಿಂದ ಬೇರೆ ಮಾಡಿ. ಡಿವೈಸ್ ಕಳಚಿದ ಕ್ಷಣವೇ ಬ್ಯಾರಲ್ ಮತ್ತೆ ಗಿಡ್ಡ. ಆಮೇಲೆ ಬೆಸುಗೆಯ ಉಬ್ಬನ್ನು ಕಲ್ಲಿನಲ್ಲಿ ಉಜ್ಜಿ ಪಿನ್ನಿನ ದುಂಡು ಅಂಚು ಕಾಣಿಸಿ, 1/8 ಇಂಚಿನ ಕಾರ್ಬೈಡ್ ಎಂಡ್ ಮಿಲ್ಲಿನಲ್ಲಿ ಪಿನ್ನನ್ನು ಅದೇ ಹಳೆಯ ಆಳಕ್ಕೆ ಕೊರೆದು ತೆಗೆಯಿರಿ. ಒಂದು ಮಿ.ಮೀ. ಹೆಚ್ಚು ಇಳಿದರೂ ಬೋರ್ ಹತ್ತಿರವಾಗುತ್ತದೆ, ಆದ್ದರಿಂದ ಮೊದಲ ದಿನ ಬರೆದಿಟ್ಟ ಆಳದ ಅಂಕಿ ಇಲ್ಲಿ ಬೇಕು. ರಾಕ್‌ಸೆಟ್ ಹಚ್ಚಿದ್ದರೆ ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ, ಆಮೇಲೆ ಪಾನಾ ಹಾಕಿ ತಿರುಗಿಸಿ. ಹಳೆಯ ಡಿವೈಸ್ ಸಾಮಾನ್ಯವಾಗಿ ಗುಜರಿಗೆ. ಬ್ಯಾರಲಿನ ಥ್ರೆಡ್ಡಿನಲ್ಲಿ ಉಳಿದ ಗುಳಿಯ ಸುತ್ತಲಿನ ಚೂಪು ಅಂಚನ್ನು 1/2-28 ಡೈ ಓಡಿಸಿ ಸರಿಮಾಡಿಕೊಂಡರೆ ಹೊಸ ಡಿವೈಸ್ ಸಲೀಸಾಗಿ ಹತ್ತುತ್ತದೆ. ಹೊಸ ಪಿನ್ನಿನ ತೂತು ಮಾತ್ರ ಹಳೆಯ ಗುಳಿಯ ಮೇಲೆ ಬರದಂತೆ, ಸ್ವಲ್ಪ ಸುತ್ತಿ ಬೇರೆ ಕಡೆ ಕೊರೆಯಿರಿ.